ರಜೆಯಲ್ಲಿ ಕಾವಿಗಿಟ್ಟ ಮೊಟ್ಟೆ, ಮಳೆಯಲ್ಲಿ ನಡುಗುವ ಮರಿ

ಏಪ್ರಿಲ್ ಬಂತೆಂದರೆ ಮದ್ರಸದ ಮಕ್ಕಳ ಬಾಯಲ್ಲಿ ಈಗ ಎರಡೇ ಸುದ್ದಿ. ಒಂದು ಕ್ರಿಕೆಟ್, ಇನ್ನೊಂದು ಕೋಳಿಮರಿ. ಥರ್ಮೊಕೋಲ್ ಪೆಟ್ಟಿಗೆಗೆ ಬಲ್ಬು ಸಿಕ್ಕಿಸಿ ಮರಿ ಮಾಡಿಸುವ ವಿಡಿಯೊ ನೋಡಿ ಬರುತ್ತಾರೆ. "ಉಸ್ತಾದ್, ಈ ರಜೆಯಲ್ಲಿ ನಾವೂ ಇಡ್ತೇವೆ" ಅನ್ನುತ್ತಾರೆ. ಮೊಬೈಲ್ ಬಿಟ್ಟು ಹಿತ್ತಿಲಿಗೆ ಇಳಿಯುವ ಯಾವ ಹವ್ಯಾಸವೂ ಒಳ್ಳೆಯದೇ. ಆದರೆ ಜೂನ್ ತಿಂಗಳಲ್ಲಿ ಅದೇ ಮಕ್ಕಳನ್ನು ಕೇಳಿ ನೋಡಿ. "ಎಲ್ಲ ಸತ್ತು ಹೋಯ್ತು" ಎಂಬ ಉತ್ತರವೇ ಹೆಚ್ಚು. ಯಾಕೆ ಹೀಗಾಗುತ್ತದೆ, ಹೇಗೆ ತಪ್ಪಿಸಬಹುದು ಎಂದು ಮನೆಯ ಹಿರಿಯರು ಸ್ವಲ್ಪ ಯೋಚಿಸಬೇಕು.

ಒಂದು ಕಾಲದಲ್ಲಿ ನಮ್ಮ ಕಡೆ ಕೋಳಿಗೂಡಿಲ್ಲದ ಹಿತ್ತಿಲು ಕಡಿಮೆ. ಮೊಟ್ಟೆ ಮಾರಿದ ದುಡ್ಡು ಉಮ್ಮಂದಿರ ಕೈಖರ್ಚಿಗೆ. ಬಾಣಂತಿಗೆ ಊರಕೋಳಿಯ ಸಾರು. ಅಳಿಯ ಬಂದರೆ ಗೂಡಿನಲ್ಲಿ ಒಂದು ಹುಂಜ ಕಡಿಮೆಯಾಗುತ್ತಿತ್ತು. ಹೇಂಟೆ ಕಾವಿಗೆ ಕೂತರೆ ಬುಟ್ಟಿಯಲ್ಲಿ ಒಣ ಹುಲ್ಲು ಹಾಸಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕತ್ತಲೆ ಮೂಲೆಯಲ್ಲಿ ಕೂರಿಸಿದರೆ ಆಯಿತು. ತಿರುಗಿಸುವ, ಬಿಸಿ ನೋಡುವ ಕೆಲಸವೆಲ್ಲ ಅದರದ್ದೇ. 21ನೇ ದಿನ ಮರಿಗಳ ದನಿ ಕೇಳುತ್ತಿತ್ತು.

ಈಗ ಲೆಕ್ಕ ಹಾಕಿ ನೋಡಿ. ಮೇ ಒಂದಕ್ಕೆ ಮೊಟ್ಟೆ ಇಟ್ಟರೆ ಮರಿ ಹೊರಗೆ ಬರುವುದು ಮೇ 22ಕ್ಕೆ. ಜೂನ್ ಮೊದಲ ವಾರ ಮಳೆ ಹಿಡಿಯುವಾಗ ಮರಿಗೆ ಎರಡು ವಾರ. ಮೈಮೇಲೆ ಇರುವುದು ಎಳೆ ರೋಮ, ಗರಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಸುಮಾರು ನಾಲ್ಕು ವಾರದವರೆಗೆ ಮರಿಗೆ ಹೊರಗಿನ ಬಿಸಿ ಬೇಕೇ ಬೇಕು. ತಾಯಿ ಇದ್ದರೆ ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತದೆ, ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ಆ ಭಾಗ್ಯ ಇಲ್ಲ. ಅಷ್ಟರಲ್ಲಿ ಶಾಲೆ ಶುರು, ಮದ್ರಸ ಶುರು. ಮರಿ ನೋಡುವವರು ಯಾರು? ಕೊನೆಗೆ ಎಲ್ಲ ಭಾರ ಅಡುಗೆಮನೆಯಲ್ಲಿರುವ ಉಮ್ಮನ ತಲೆಗೆ.

ಆದ್ದರಿಂದ ರಜೆಯಲ್ಲೇ ಇಡುವುದಾದರೆ ರಜೆ ಸಿಕ್ಕಿದ ಮೊದಲ ವಾರವೇ ಇಡಬೇಕು. ಏಪ್ರಿಲ್ 10ಕ್ಕೆ ಇಟ್ಟರೆ ಮೇ ಒಂದಕ್ಕೆ ಮರಿ, ಮಳೆಗಾಲಕ್ಕೆ ಐದು ವಾರದ್ದಾಗಿರುತ್ತದೆ. ಅದಕ್ಕಿಂತಲೂ ಒಳ್ಳೆಯದು ಮಳೆ ಮುಗಿದ ಮೇಲೆ, ನವೆಂಬರಿನಿಂದ ಜನವರಿಯೊಳಗೆ ಇಡುವುದು. ನೆಲ ಒಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ.

ಇಡುವ ಮೊಟ್ಟೆ ಯಾವುದು ಎಂಬುದೂ ಮುಖ್ಯ. ಅಂಗಡಿಯ ಬಿಳಿ ಮೊಟ್ಟೆಯಿಂದ ಮರಿ ಆಗುವುದಿಲ್ಲ, ಆ ಫಾರ್ಮುಗಳಲ್ಲಿ ಹುಂಜವೇ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರುವ ಮನೆಯಿಂದ ಮೊಟ್ಟೆ ತರಬೇಕು. ಒಂದು ವಾರಕ್ಕಿಂತ ಹಳೆಯದು ಬೇಡ, ಸೆಕೆಗಾಲದಲ್ಲಿ ನಾಲ್ಕೈದು ದಿನ ಸಾಕು. ಕೊಳೆ ಉಂಟೆಂದು ನೀರಿನಲ್ಲಿ ತೊಳೆಯಬಾರದು. ಹೊರಗಿನ ರಕ್ಷಣೆಯ ಪದರ ಹೋಗಿ ಕ್ರಿಮಿ ಒಳಗೆ ಸೇರುತ್ತದೆ. ಚೂಪು ತುದಿ ಕೆಳಗೆ ಮಾಡಿ ತಂಪು ಜಾಗದಲ್ಲಿ ಇಟ್ಟರೆ ಆಯಿತು.

ಪೆಟ್ಟಿಗೆಯಲ್ಲಿ ಇಡುವವರಿಗೆ ಕೆಲವು ಮಾತು. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಂದಾಜಿನಲ್ಲಿ ಆಗುವ ಕೆಲಸ ಅಲ್ಲ, ಥರ್ಮಾಮೀಟರ್ ಬೇಕು. ಒಳಗೊಂದು ತಟ್ಟೆ ನೀರು ಇರಲಿ. ಮೊಟ್ಟೆಯನ್ನು ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನ ಜೀವ ಚಿಪ್ಪಿನ ಪದರಕ್ಕೆ ಅಂಟಿಕೊಳ್ಳುತ್ತದೆ. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿ. ಜೇಡನ ಕಾಲಿನ ಹಾಗೆ ಕೆಂಪು ನರಗಳು ಕಂಡರೆ ಜೀವ ಉಂಟು, ಏನೂ ಕಾಣದಿದ್ದರೆ ಅದನ್ನು ತೆಗೆಯಿರಿ. 18ನೇ ದಿನದ ನಂತರ ತಿರುಗಿಸುವುದು ನಿಲ್ಲಿಸಿ, ನೀರಿನ ತಟ್ಟೆ ದೊಡ್ಡದು ಮಾಡಿ, ಮುಚ್ಚಳ ತೆರೆಯಬೇಡಿ. ಕರೆಂಟು ಹೋದರೆ ಗಾಬರಿ ಬೇಡ, ಪೆಟ್ಟಿಗೆಗೆ ದಪ್ಪ ಬಟ್ಟೆ ಸುತ್ತಿಡಿ. ಒಂದೆರಡು ಗಂಟೆಗೆ ಎಲ್ಲವೂ ಸಾಯುವುದಿಲ್ಲ.

ಮಕ್ಕಳು ಅವಸರ ಮಾಡುವುದು ಕೊನೆಯ ದಿನ. ಚಿಪ್ಪಿಗೆ ತೂತು ಬಿತ್ತು, ಮರಿ ಹೊರಗೆ ಬರುತ್ತಿಲ್ಲ ಎಂದು ಕೈಯಿಂದ ಚಿಪ್ಪು ಕೀಳುತ್ತಾರೆ. ಹಾಗೆ ಮಾಡಿದರೆ ರಕ್ತ ಹೋಗಿ ಮರಿ ಸಾಯುವುದುಂಟು. ತೂತು ಮಾಡಿದ ಮೇಲೆ ಹೊರಗೆ ಬರಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಬೇಕು. ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಮರಿ ಹುಟ್ಟುತ್ತದೆ, ಮೊದಲ ಒಂದೆರಡು ದಿನಕ್ಕೆ ಅದೇ ಆಹಾರ. ಮೈ ಒಣಗುವ ತನಕ ಅಲ್ಲೇ ಬಿಡಿ. ಕಾಯುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ.

ಮೊದಲ ವಾರ ಮರಿಗಳಿಗೆ 35 ಡಿಗ್ರಿಯಷ್ಟು ಬಿಸಿ, ಮತ್ತೆ ವಾರಕ್ಕೆ ಮೂರರಷ್ಟು ಕಡಿಮೆ ಮಾಡುತ್ತಾ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ, ದೂರ ಓಡಿ ಬಾಯಿ ಬಿಟ್ಟರೆ ಸೆಕೆ. ನೀರಿನ ತಟ್ಟೆಗೆ ನಾಲ್ಕು ಕಲ್ಲು ಹಾಕಿದರೆ ಮುಳುಗಿ ಸಾಯುವುದಿಲ್ಲ. ತಿನ್ನಲು ಮರಿಗಳ ಫೀಡ್, ಜೊತೆಗೆ ಹುಡಿ ಮಾಡಿದ ನುಚ್ಚಕ್ಕಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಅಕ್ಕಿ, ತೌಡು ಖಂಡಿತ ಬೇಡ, ಅದು ವಿಷ. ದೊಡ್ಡ ಹೇಂಟೆಗಳಿಗೆ ಮರುವಾಯಿ ಚಿಪ್ಪನ್ನು ಕುಟ್ಟಿ ಹಾಕಿದರೆ ಮೊಟ್ಟೆಯ ಚಿಪ್ಪು ಗಟ್ಟಿಯಾಗುತ್ತದೆ. ಅಡುಗೆಮನೆಯ ಕಸವೇ ಮದ್ದಾಯಿತು.

ಒಂದೇ ವಾರದಲ್ಲಿ ಇಡೀ ಗೂಡನ್ನು ಖಾಲಿ ಮಾಡುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಬಿಳಿ ಹಿಕ್ಕೆ, ತೂಕಡಿಕೆ, ಕುತ್ತಿಗೆ ತಿರುಚುವುದು ಇದರ ಲಕ್ಷಣ. ಬಂದ ಮೇಲೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಹೊತ್ತಿಗೆ ಇಂಜೆಕ್ಷನ್. ನಾಲ್ಕು ಕೋಳಿ ಇರುವವರು ಲಸಿಕೆಗೆ ಹೋಗುವುದಿಲ್ಲ, ಯಾಕೆಂದರೆ ಸೀಸೆಯಲ್ಲಿ ನೂರು ಡೋಸ್‌ಗೂ ಹೆಚ್ಚು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಇದಕ್ಕೆ ದಾರಿ ಉಂಟು. ಮೊಹಲ್ಲಾದ ಹತ್ತು ಮನೆಯವರು ಸೇರಿ, ಜಾತಿ ಧರ್ಮ ನೋಡದೆ ನೆರೆಮನೆಯವರನ್ನೂ ಕರೆದು, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಒಂದೇ ದಿನ ಹಾಕಿಸಬಹುದು. ರೋಗಕ್ಕೆ ಬೇಲಿ ಗೊತ್ತಿಲ್ಲ. ಸತ್ತ ಕೋಳಿಯನ್ನು ತೋಡಿಗೆ, ರಸ್ತೆಬದಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಒಟ್ಟಿಗೆ ತುಂಬಾ ಕೋಳಿ ಸತ್ತರೆ ಪಶು ವೈದ್ಯರಿಗೆ ಕೂಡಲೇ ತಿಳಿಸಬೇಕು.

ನೆರೆಯವರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜ. ಹತ್ತು ಸೆಂಟ್ಸ್ ಜಾಗದಲ್ಲಿ ಐದು ಹುಂಜ ಬೆಳಗ್ಗೆ ನಾಲ್ಕಕ್ಕೆ ಕೂಗಿದರೆ ಪಕ್ಕದ ಮನೆಯ ರೋಗಿಗೆ ನಿದ್ದೆ ಇಲ್ಲ. ನಮ್ಮ ಕೋಳಿ ಅವರ ಬಸಳೆ ಸಾಲು ಕೆದಕಿದರೆ ವರ್ಷಗಳ ಸ್ನೇಹ ಒಂದೇ ದಿನದಲ್ಲಿ ಕೆಡುತ್ತದೆ. ಬಲೆ ಕಟ್ಟಿದ ಸಣ್ಣ ಅಂಗಳ, ನೆಲದಿಂದ ಎರಡು ಅಡಿ ಎತ್ತರದ ಗೂಡು ಇದ್ದರೆ ಜಗಳವೂ ಇಲ್ಲ, ರಾತ್ರಿ ಕೀರ, ನಾಯಿಯ ಕಾಟವೂ ಕಡಿಮೆ. ಹೆಚ್ಚಾದ ಹುಂಜವನ್ನು ಮನೆಗೆ ಬಳಸಿ, ಇಲ್ಲವೇ ಮಾರಿ. ಆದರೆ ಅಂಕಕ್ಕೆಂದು ಹೆಚ್ಚು ಬೆಲೆ ಕೊಡುವವರು ಬಂದರೆ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ದೀನಿನಲ್ಲೂ ಅದಕ್ಕೆ ಜಾಗ ಇಲ್ಲ. ಹೊಲಸು ಮೇಯ್ದ ಕೋಳಿಯನ್ನು ಕೊಯ್ಯುವ ಮೊದಲು ಮೂರು ದಿನ ಗೂಡಲ್ಲೇ ಇಟ್ಟು ಶುದ್ಧ ಕಾಳು ಕೊಡುವ ಹಿರಿಯರ ಕ್ರಮವನ್ನೂ ಮರೆಯದಿರೋಣ.

ಹೊಸದಾಗಿ ಶುರು ಮಾಡುವವರಿಗೆ ನಮ್ಮ ಸಲಹೆ ಇಷ್ಟೇ: ಪೆಟ್ಟಿಗೆಗೆ ದುಡ್ಡು ಹಾಕುವ ಮೊದಲು ಕಾವಿಗೆ ಕೂರುವ ಒಂದು ಊರಹೇಂಟೆ ತನ್ನಿ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತಳಿ ಬೇಗ ಬೆಳೆಯುತ್ತದೆ, ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಬೇಕಾದರೆ ಅದರ ಮೊಟ್ಟೆಯನ್ನೇ ಊರಹೇಂಟೆಯ ಕೆಳಗೆ ಇಡಬಹುದು. ಗೂಡು ತೊಳೆಯುವ, ನೀರು ಬದಲಿಸುವ ಕೆಲಸವನ್ನು ಮೊದಲ ದಿನವೇ ಮಕ್ಕಳಿಗೆ ಹಂಚಿ. ಗೂಡಲ್ಲಿ ಮುಚ್ಚಿಟ್ಟ ಜೀವಕ್ಕೆ ತಾನಾಗಿ ಆಹಾರ ಹುಡುಕುವ ದಾರಿ ಇರುವುದಿಲ್ಲ. ಅದರ ಹಸಿವಿಗೆ ಮುಚ್ಚಿದವನೇ ಹೊಣೆ. ಶಾಲೆ ಶುರುವಾದ ಮೇಲೂ ಬೆಳಗ್ಗೆ ಹತ್ತು ನಿಮಿಷ ಕೊಡುತ್ತೇನೆ ಎಂದು ಮಗು ಒಪ್ಪಿದರೆ ಮಾತ್ರ ಮೊಟ್ಟೆ ಇಡಿ. ಒಪ್ಪದಿದ್ದರೆ ಈ ರಜೆಗೆ ಕ್ರಿಕೆಟೇ ಸಾಕು.