ಶ್ರೀಗಂಧದೆಣ್ಣೆಯ ಪರೀಕ್ಷೆ: ಸಿಲಿಕಾ ಜೆಲ್ ಕಾಲಮ್‌ನ ಉಪಯೋಗ ಮತ್ತು ಮಿತಿ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧದ ಮರಕ್ಕೆ ಜರ್ಮನಿಯ ಮಾರುಕಟ್ಟೆ ಮುಚ್ಚಿಹೋಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಕಾರ್ಯದಲ್ಲಿ ತೊಡಗಿದರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪನೆಯಾಯಿತು. 2001ರ ಕಾನೂನು ತಿದ್ದುಪಡಿಯ ನಂತರ ಖಾಸಗಿ ಜಮೀನಿನ ಶ್ರೀಗಂಧದ ಒಡೆತನ ಭೂಮಾಲೀಕರಿಗೇ ದೊರೆತಿದ್ದು, ರೈತರು ಈ ಬೆಳೆಯತ್ತ ಗಮನ ಹರಿಸಿದ್ದಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಗೊಟ್ಟಿಪುರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಶ್ರೀಗಂಧದ ಸಂಶೋಧನಾ ಕ್ಷೇತ್ರವನ್ನು ಹೊಂದಿದೆ. ಮರದ ಮೂಲಗಳು ಹಲವಾದಂತೆ, ಎಣ್ಣೆ ಕೊಳ್ಳುವವರಿಗೂ ಮಾರುವವರಿಗೂ ಅದರ ಶುದ್ಧತೆಯನ್ನು ತಿಳಿಯುವ ಅಗತ್ಯ ಹೆಚ್ಚುತ್ತದೆ.

ಎಣ್ಣೆಯಲ್ಲಿ ಏನಿದೆ?

ಶ್ರೀಗಂಧದೆಣ್ಣೆ ಹಲವು ರಾಸಾಯನಿಕಗಳ ಮಿಶ್ರಣ. ಪರಿಮಳಕ್ಕೆ ಮುಖ್ಯ ಕಾರಣವಾದ ಸ್ಯಾಂಟಲಾಲ್‌ಗಳು ಆಲ್ಕೊಹಾಲ್ ವರ್ಗಕ್ಕೆ ಸೇರಿದವು. ಅಂತರರಾಷ್ಟ್ರೀಯ ಮಾನಕ ಐಎಸ್ಓ 3518ರ ಪ್ರಕಾರ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇಕಡಾ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡಾ 16ರಿಂದ 24 ಇರಬೇಕು. ಸ್ಯಾಂಟಲೀನ್‌ನಂತಹ ಹೈಡ್ರೊಕಾರ್ಬನ್‌ಗಳು ಸ್ವಲ್ಪ ಪ್ರಮಾಣದಲ್ಲಿ ಮಾತ್ರ ಇರುತ್ತವೆ.

ಕಾಲಮ್ ಕೆಲಸ ಮಾಡುವ ಬಗೆ

ಸಿಲಿಕಾ ಜೆಲ್ ಕಣಗಳ ಮೇಲ್ಮೈ ಆಲ್ಕೊಹಾಲ್‌ಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹೈಡ್ರೊಕಾರ್ಬನ್‌ಗಳನ್ನು ಬಹುಮಟ್ಟಿಗೆ ಹಿಡಿಯುವುದಿಲ್ಲ. ಈ ವ್ಯತ್ಯಾಸವೇ ಬೇರ್ಪಡಿಕೆಗೆ ಆಧಾರ. ಕೆಳತುದಿಯಲ್ಲಿ ತಿರುಪು ಇರುವ ಗಾಜಿನ ಕೊಳವೆಯೊಳಗೆ ಹತ್ತಿಯನ್ನಿಟ್ಟು, 60–120 ಮೆಶ್ ಸಿಲಿಕಾ ಜೆಲ್ಲನ್ನು ಹೆಕ್ಸೇನ್‌ನಲ್ಲಿ ಕಲಸಿ, ಗಾಳಿಗುಳ್ಳೆಗಳಿಗೆ ಅವಕಾಶವಿಲ್ಲದಂತೆ ತುಂಬಲಾಗುತ್ತದೆ. ಎಣ್ಣೆಯ ತೂಕಕ್ಕೆ 30ರಿಂದ 50 ಪಟ್ಟು ಸಿಲಿಕಾ ಬೇಕಾಗುತ್ತದೆ. ಮೇಲೆ ಎಣ್ಣೆಯನ್ನು ಹಾಕಿ, ಮೊದಲು ಹೆಕ್ಸೇನ್, ನಂತರ ಈಥೈಲ್ ಅಸಿಟೇಟ್‌ನ ಪ್ರಮಾಣವನ್ನು ಹಂತಹಂತವಾಗಿ ಏರಿಸಿದ ಮಿಶ್ರಣವನ್ನು ಹರಿಸಬೇಕು. ಸಿಲಿಕಾದ ಮೇಲ್ಭಾಗ ಒಣಗಲು ಬಿಟ್ಟರೆ ಬಿರುಕು ಬಿದ್ದು ಬೇರ್ಪಡಿಕೆ ಕೆಡುತ್ತದೆ.

ಹೆಕ್ಸೇನ್‌ನೊಂದಿಗೆ ಸ್ಯಾಂಟಲೀನ್‌ಗಳು ಮೊದಲು ಇಳಿಯುತ್ತವೆ, ಎಸ್ಟರ್‌ಗಳು ನಂತರ ಬರುತ್ತವೆ, ಸ್ಯಾಂಟಲಾಲ್‌ಗಳು ಕೊನೆಗೆ. ಪ್ರತಿ ಭಾಗವನ್ನು ಪ್ರತ್ಯೇಕ ಪಾತ್ರೆಯಲ್ಲಿ ಹಿಡಿದು, ಸಿಲಿಕಾ ಲೇಪಿತ ತೆಳುಪದರ ಫಲಕದ ಮೇಲೆ ಚುಕ್ಕೆ ಇಟ್ಟು ಪರೀಕ್ಷಿಸಿ, ದ್ರಾವಕವನ್ನು ಆವಿಯಾಗಿಸಿ ತೂಕ ನೋಡಲಾಗುತ್ತದೆ.

ವ್ಯಾಪಾರಕ್ಕೆ ಏನು ಪ್ರಯೋಜನ?

ಎಣ್ಣೆಗೆ ದ್ರವ ಪ್ಯಾರಾಫಿನ್ ಅಥವಾ ದೇವದಾರು ವರ್ಗದ ಅಗ್ಗದ ಎಣ್ಣೆ ಬೆರೆತಿದ್ದರೆ ಹೆಕ್ಸೇನ್‌ನೊಂದಿಗೆ ಬರುವ ಮೊದಲ ಭಾಗದ ತೂಕ ಅಸಹಜವಾಗಿ ಹೆಚ್ಚುತ್ತದೆ. ಮಧ್ಯದ ಭಾಗ ಹೆಚ್ಚಿದರೆ ಡೈಈಥೈಲ್ ಥ್ಯಾಲೇಟ್‌ನಂತಹ ಎಸ್ಟರ್ ಬೆರೆಸಿರಬಹುದೆಂಬ ಸಂಶಯಕ್ಕೆ ಎಡೆಯಿದೆ. ಹೀಗೆ ಕಲಬೆರಕೆಯ ಸ್ವರೂಪದ ಸುಳಿವು ದೊರೆಯುತ್ತದೆ.

ಆದರೆ ಈ ವಿಧಾನದ ಮಿತಿಗಳನ್ನು ಉದ್ಯಮಿಗಳು ಅರಿತಿರಬೇಕು. ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್‌ಗಳ ಸ್ವಭಾವ ಬಹಳ ಹತ್ತಿರವಾದುದರಿಂದ ಸಾಮಾನ್ಯ ಸಿಲಿಕಾ ಅವುಗಳನ್ನು ಬೇರ್ಪಡಿಸಲಾರದು. ಗಂಧದ ವಾಸನೆಯ ಕೃತಕ ಆಲ್ಕೊಹಾಲ್‌ಗಳೂ ಸ್ಯಾಂಟಲಾಲ್‌ನ ಜೊತೆಯಲ್ಲೇ ಇಳಿಯಬಹುದು. ಇವುಗಳನ್ನು ಗುರುತಿಸಲು ಗ್ಯಾಸ್ ಕ್ರೊಮ್ಯಾಟೋಗ್ರಫಿ ವರದಿಯೇ ಬೇಕು.

ಉತ್ಪಾದನೆಗೆ ಇದು ಯೋಗ್ಯವೇ? ಲೆಕ್ಕ ಸರಳವಾಗಿದೆ. 10 ಗ್ರಾಂ ಎಣ್ಣೆಗೆ 300ರಿಂದ 500 ಗ್ರಾಂ ಸಿಲಿಕಾ ಸಾಕು. ಒಂದು ಕಿಲೋ ಎಣ್ಣೆಗೆ 30ರಿಂದ 50 ಕಿಲೋ ಸಿಲಿಕಾ, ಜೊತೆಗೆ ನೂರಾರು ಲೀಟರ್ ದ್ರಾವಕ ಬೇಕಾಗುತ್ತದೆ. ಹೆಕ್ಸೇನ್ ಬೇಗನೆ ಬೆಂಕಿ ಹಿಡಿಯುವ ದ್ರವ. ಅದರ ಆವಿ ಗಾಳಿಗಿಂತ ಭಾರವಾಗಿ ನೆಲಮಟ್ಟದಲ್ಲಿ ಹರಡುತ್ತದೆ. ಎಣ್ಣೆಯಲ್ಲಿ ದ್ರಾವಕದ ಅಂಶ ಉಳಿದರೆ ಪರಿಮಳವೂ ಬೆಲೆಯೂ ಕೆಡುತ್ತವೆ. ಆದ್ದರಿಂದ ದೊಡ್ಡ ಪ್ರಮಾಣದ ಬೇರ್ಪಡಿಕೆಗೆ ಒತ್ತಡ ಇಳಿಸಿ ನಡೆಸುವ ಆಂಶಿಕ ಬಟ್ಟಿ ವಿಧಾನವೇ ರೂಢಿಯಲ್ಲಿದ್ದು, ಕಾಲಮ್ ಪ್ರಯೋಗಾಲಯಕ್ಕೆ ತಕ್ಕುದಾಗಿದೆ.

ಕೊಳ್ಳುವ ಮುನ್ನ

ಮೊದಲ ಪರೀಕ್ಷೆ ಸುಲಭವಾದುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಾಲು ಶುದ್ಧ ಎಣ್ಣೆ ಶೇಕಡಾ 70ರ ಆಲ್ಕೊಹಾಲ್‌ನ ಐದು ಪಾಲಿನಲ್ಲಿ ತಿಳಿಯಾಗಿ ಕರಗಬೇಕು. ಕಲಕಲಾಗಿ ಕಂಡರೆ ಪ್ಯಾರಾಫಿನ್ ಅಥವಾ ಹರಳೆಣ್ಣೆಯಂತಹ ವಸ್ತುವಿನ ಸಂಶಯ ಮೂಡುತ್ತದೆ. ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆಂದು ನಿರ್ಧರಿಸುವಂತಿಲ್ಲ. ಥ್ಯಾಲೇಟ್ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಆದುದರಿಂದ ಕರಗುವಿಕೆ, ನಂತರ ಕಾಲಮ್ ಅಥವಾ ತೆಳುಪದರ ಪರೀಕ್ಷೆ, ಕೊನೆಗೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಎಂಬ ಕ್ರಮವನ್ನು ಅನುಸರಿಸುವುದು ಮಿತವ್ಯಯಕರ. ಒಂದೇ ಪೀಪಾಯಿಯಿಂದ ತೆಗೆದ ಮಾದರಿಯನ್ನು ಎರಡು ಸೀಸೆಗಳಲ್ಲಿ ತುಂಬಿ, ಉಭಯ ಪಕ್ಷದವರ ಸಮ್ಮುಖದಲ್ಲಿ ಮೊಹರು ಮಾಡಿ, ಒಂದನ್ನು ಪರೀಕ್ಷೆಗೆ ಕಳುಹಿಸಿ ಇನ್ನೊಂದನ್ನು ಕಾಯ್ದಿರಿಸುವುದು ಮುಂದಿನ ವ್ಯಾಜ್ಯವನ್ನು ತಪ್ಪಿಸುತ್ತದೆ.