ಎಪ್ಪತ್ತೊಂದು ಚುಕ್ಕೆಗಳು

ಗ್ರಾಫ್ ಹಾಳೆಯ ಮೇಲೆ ಅಡ್ಡಕ್ಕೊಂದು ಉದ್ದನೆಯ ಗೆರೆ. ಅಮೆರಿಕದ ನೌಕಾಪಡೆಯ ‘ಹಾಫ್‌ಬೀಕ್’ ಜಲಾಂತರ್ಗಾಮಿಯ ಒಂದು ಡೀಸೆಲ್ ಎಂಜಿನ್ ಓಡಿದ ಗಂಟೆಗಳೆಲ್ಲ ಆ ಗೆರೆಯಲ್ಲಿವೆ. ಮೊದಲೇ ಗೊತ್ತುಮಾಡದ ರಿಪೇರಿ ಬಂದಾಗಲೆಲ್ಲ ಒಂದು ಚುಕ್ಕೆ.

ಮೊದಲನೆಯದು 1,382ನೇ ಗಂಟೆಯಲ್ಲಿ. ಆಮೇಲೆ 2,990, 4,124. ಬಯಲುಸೀಮೆಯ ಊರುಗಳಂತೆ ದೂರದೂರ ಕೂತಿವೆ. 12,300 ದಾಟಿದ ಮೇಲಂತೂ ಮೂರು ಸಾವಿರ ಗಂಟೆ ಎಂಜಿನ್ ಯಾರ ಕೈಯನ್ನೂ ಬೇಡಲಿಲ್ಲ. 19,000 ಗಂಟೆಯವರೆಗೆ ಎಣಿಸಿದರೂ ಚುಕ್ಕೆ ಬರೀ 17.

ಅಲ್ಲಿಂದಾಚೆ ಹಾಳೆ ಕಪ್ಪಾಗತೊಡಗುತ್ತದೆ. 21,000ದಿಂದ 22,000ದೊಳಗಿನ ಒಂದೇ ಸಾವಿರ ಗಂಟೆಯಲ್ಲಿ 19 ರಿಪೇರಿ! 21,309ರಲ್ಲಿ ಒಂದು, 21,310ರಲ್ಲಿ ಇನ್ನೊಂದು. ಪೆನ್ಸಿಲ್ ಮೊನೆ ಹಳೆಯ ಚುಕ್ಕೆಯ ಮೇಲೇ ಕೂರುತ್ತದೆ. 24,286ರ ನಂತರ ಏಳುನೂರು ಗಂಟೆಯ ಬಿಡುವು. ಮತ್ತೆ ಒತ್ತೊತ್ತಾಗಿ ಏಳು ಚುಕ್ಕೆ. ಎಪ್ಪತ್ತೊಂದನೆಯದು 25,518ರಲ್ಲಿ.

ಭಾಗಿಸಿ ನೋಡಿದರೆ ಸರಾಸರಿ 360 ಗಂಟೆಗೊಂದು ರಿಪೇರಿ. ವರದಿಗೆ ಸೊಗಸಾದ ಅಂಕಿ. ಆದರೆ ಎಂಜಿನ್ ಮೊದಲು ಕೈ ಬೇಡಿದ್ದು ಸುಮಾರು 1,100 ಗಂಟೆಗೊಮ್ಮೆ, 19,000 ದಾಟಿದ ಮೇಲೆ 120 ಗಂಟೆಗೊಮ್ಮೆ. ಆ 360 ಎರಡು ಕಾಲಕ್ಕೂ ಸಲ್ಲುವುದಿಲ್ಲ.

ಬಲ್ಬ್ ಸುಟ್ಟರೆ ಎಸೆದು ಹೊಸದು ಹಾಕುತ್ತೇವೆ. ಅದರ ಆಯಸ್ಸು ಮತ್ತೆ ಸೊನ್ನೆಯಿಂದ ಶುರು. ಎಂಜಿನ್‌ನಲ್ಲಿ ಕೆಟ್ಟ ಒಂದು ಭಾಗ ಬದಲಾದರೂ ಉಳಿದದ್ದೆಲ್ಲ ಅದೇ ಹಳೆಯದು. ಆದ್ದರಿಂದ ಇಲ್ಲಿ ರಿಪೇರಿಗಳ ನಡುವಿನ ಅಂತರವಷ್ಟೇ ಸಾಲದು, ಅವು ಬಂದ ಕ್ರಮವೂ ಬೇಕು. ಅಂತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಬಿಟ್ಟರೆ ಎಂಜಿನ್‌ಗೆ ವಯಸ್ಸಾದದ್ದೇ ಅಳಿಸಿಹೋಗುತ್ತದೆ. ಈ ಅಂಕಿಗಳನ್ನು ಮುಂದಿಟ್ಟುಕೊಂಡು ಹೆರಾಲ್ಡ್ ಆಶರ್ ಮತ್ತು ಹ್ಯಾರಿ ಫೈಂಗೋಲ್ಡ್ 1984ರ ತಮ್ಮ ಪುಸ್ತಕದಲ್ಲಿ ಇದೇ ತಪ್ಪಿನ ವಿರುದ್ಧ ಪಟ್ಟುಹಿಡಿದು ವಾದಿಸಿದರು. ಅವರ ಮೇಲಿರುವಷ್ಟೇ ಗೌರವ ನನಗೆ, ಕಿವಿಗಡಚಿಕ್ಕುವ ಎಂಜಿನ್ ಕೋಣೆಯಲ್ಲಿ, ಎಣ್ಣೆಗೈಯಲ್ಲೇ ರಿಪೇರಿಯ ಜೊತೆ ಗಂಟೆಯನ್ನೂ ಲೆಕ್ಕವಿಟ್ಟವರ ಮೇಲೆ. ಗಂಟೆ ಬರೆಯದೆ ‘ಇಷ್ಟು ಸಲ ರಿಪೇರಿ’ ಎಂದಷ್ಟೇ ಇಟ್ಟಿದ್ದರೆ ಈ ಗೆರೆ ಎಳೆಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಲಾಪ್ಲಾಸ್ ಹೆಸರಿನ ಪರೀಕ್ಷೆಯೊಂದಿದೆ. ಯಂತ್ರ ಒಂದೇ ಹದದಲ್ಲಿದ್ದರೆ ಚುಕ್ಕೆಗಳ ಸರಾಸರಿ ಜಾಗ ಗೆರೆಯ ನಡುಮಧ್ಯದ ಆಸುಪಾಸಿನಲ್ಲಿ ಬೀಳಬೇಕು. ಬಲಕ್ಕೆ ತೀರಾ ಸರಿದರೆ ಯಂತ್ರ ಹದಗೆಡುತ್ತಿದೆ, ಎಡಕ್ಕೆ ಸರಿದರೆ ಸುಧಾರಿಸುತ್ತಿದೆ. ಹಾಫ್‌ಬೀಕ್ ಎಂಜಿನ್‌ನ ನಡುಮಧ್ಯ 12,759ನೇ ಗಂಟೆ. ಅದರ ಎಡಕ್ಕೆ 12 ಚುಕ್ಕೆ, ಬಲಕ್ಕೆ 59.