ಮೆಟ್ಟಿಲು ಗುಡಿಸುವ ಸರದಿ

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ನಮಗೆ ಜರ್ಮನ್ನರೆಂದರೆ ಕಿಟ್ಟೆಲ್ ಅವರು. 1894ರಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಭಾರವಾದ ಸಂಪುಟವನ್ನು ಗುರುಗಳ ಮುಂದಿರಿಸುವಾಗಲೆಲ್ಲ, ಈ ಪುಣ್ಯಾತ್ಮನ ನಾಡು ಹೇಗಿದ್ದೀತೆಂಬ ಕುತೂಹಲ ಮೂಡುತ್ತಿತ್ತು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರೂ ಆ ನಾಡಿನವರೇ. ಆ ಕುತೂಹಲ ತಣಿದದ್ದು 2023ರ ಶರತ್ಕಾಲದಲ್ಲಿ. ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿರುವ ಮಗಳ ಮನೆಯಲ್ಲಿ ನಾವು ದಂಪತಿಗಳು ಎರಡೂವರೆ ತಿಂಗಳು ತಂಗಿದ್ದೆವು. ಮೋಗ್ಲಿಂಗ್ ಅವರು 1881ರಲ್ಲಿ ಕೊನೆಯುಸಿರೆಳೆದ ಎಸ್ಲಿಂಗನ್ ಅಲ್ಲಿಗೆ ತೀರ ಸಮೀಪ. ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ಮೊದಲು ಕಣ್ಣಿಗೆ ಬಿದ್ದದ್ದು ಅವರ ಮೌನ. ರೈಲು ನಿಲ್ದಾಣದಲ್ಲಿ ತಡೆಗೇಟುಗಳಿಲ್ಲ. ಟಿಕೆಟು ಕೊಂಡಿರುತ್ತಾರೆಂಬ ನಂಬಿಕೆಯ ಮೇಲೆಯೇ ಜನ ಹತ್ತಿ ಇಳಿಯುತ್ತಾರೆ. ಊರಂಚಿನ ಹೊಲದಲ್ಲಿ ಹೂವುಗಳು ಅರಳಿ ನಿಂತಿರುತ್ತವೆ, ಕಾವಲಿಗೆ ಯಾರೂ ಇರುವುದಿಲ್ಲ. ಬೇಕಾದಷ್ಟು ಕೊಯ್ದುಕೊಂಡು ಹಣವನ್ನು ಪೆಟ್ಟಿಗೆಗೆ ಹಾಕಿ ಹೋಗುವುದು ರೂಢಿ. ಜರ್ಮನಿಯ ರೈಲು ಗಡಿಯಾರದಂತೆ ಓಡುತ್ತದೆಂಬ ನಮ್ಮ ಮಾತು ಮಾತ್ರ ಈಗ ನಿಜವಲ್ಲ. ಆ ವರ್ಷ ದೂರದ ರೈಲುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ತಡವಾಗಿ ಬಂದವೆಂದು ಅವರೇ ಗೊಣಗುತ್ತಾರೆ. ನಮ್ಮ ‘ನೀವು’, ‘ನೀನು’ಗಳಂತೆ ಅವರಲ್ಲಿಯೂ ‘ಜೀ’, ‘ದೂ’ ಎಂಬ ಎರಡು ಬಗೆಯ ಸಂಬೋಧನೆಗಳಿವೆ. ಹಿರಿಯರು ತಾವಾಗಿ ಒಪ್ಪಿದ ಮೇಲಷ್ಟೇ ‘ದೂ’ ಎನ್ನಬೇಕು. ಎಷ್ಟೋ ನೆರೆಹೊರೆಯವರು ವರ್ಷಗಟ್ಟಲೆ ‘ಜೀ’ಯಲ್ಲಿಯೇ ಉಳಿದಿರುತ್ತಾರೆ. ಇವರದು ಒಣ ಹೃದಯವೆಂದು ನಾನು ಅವಸರದಲ್ಲಿ ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನಕ್ಕೆ ಪುಷ್ಟಿ ಕೊಟ್ಟಂತೆ ಒಂದು ಘಟನೆ ನಡೆಯಿತು. ಒಂದು ಭಾನುವಾರ ಮಧ್ಯಾಹ್ನ ನನ್ನ ಮನೆಯವರು ಕುಟ್ಟಾಣಿಯಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದರು. ಕರೆಗಂಟೆಯ ಸದ್ದಾಯಿತು. ಕೆಳಮನೆಯ ವೃದ್ಧೆ, ಎಂಬತ್ತು ದಾಟಿದವರು, ನೆಟ್ಟಗೆ ನಿಂತು “ಇಂದು ಭಾನುವಾರ, ದಯವಿಟ್ಟು ಸದ್ದು ನಿಲ್ಲಿಸಿ” ಎಂದು ಹೇಳಿ ಇಳಿದುಹೋದರು. ನಮಗೆ ಮುಖಕ್ಕೆ ಹೊಡೆದಂತಾಯಿತು. “ಅಪ್ಪಾ, ಇಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಅವರು ಹೇಳಿದ್ದು ನಮ್ಮೆದುರಿಗೆ, ಹಿಂದಿನಿಂದ ಯಾರಿಗೂ ದೂರುವುದಿಲ್ಲ” ಎಂದಳು ಮಗಳು. ಮರುದಿನ ನಾನೇ ಹೋಗಿ ಕ್ಷಮೆ ಕೇಳಿದೆ. ಆಕೆ ನಾವು ಏನು ತಿನ್ನುವುದಿಲ್ಲವೆಂದು ವಿಚಾರಿಸಿ ಚೀಟಿಯಲ್ಲಿ ಬರೆದುಕೊಂಡರು. ಹತ್ತು ದಿನಗಳ ಮೇಲೆ, ಮೊದಲೇ ಗೊತ್ತುಪಡಿಸಿದಂತೆ ನಾಲ್ಕು ಗಂಟೆಗೆ ಸರಿಯಾಗಿ, ಮೊಟ್ಟೆ ಹಾಕದ ಸೇಬಿನ ಕೇಕು ಮಾಡಿ ನಮ್ಮನ್ನು ಕರೆದರು.

ಆ ಪ್ರಾಂತದಲ್ಲಿ ‘ಕೇರ್‌ವೋಖೆ’, ಅಂದರೆ ಗುಡಿಸುವ ವಾರ ಎಂಬ ಪದ್ಧತಿಯೊಂದುಂಟು. ಸರದಿ ಬಂದವರ ಬಾಗಿಲಿಗೆ ಪುಟ್ಟ ಫಲಕವನ್ನು ತೂಗುಹಾಕುತ್ತಾರೆ. ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿಗಳನ್ನು ಗುಡಿಸುವ ಹೊಣೆ ಅವರದು. ಸ್ಟುಟ್‌ಗಾರ್ಟ್ ನಗರಸಭೆಯ ಕಡ್ಡಾಯ 1988ರಲ್ಲಿ ರದ್ದಾದರೂ ಬಾಡಿಗೆ ಕರಾರುಗಳಲ್ಲಿ ಈ ಪದ್ಧತಿ ಉಳಿದುಬಂದಿದೆ. ವೈದ್ಯರಿರಲಿ, ಇಂಜಿನಿಯರಿರಲಿ, ಪೊರಕೆ ಹಿಡಿಯಲು ಯಾರಿಗೂ ನಾಚಿಕೆಯಿಲ್ಲ.

ನವೆಂಬರ್ 9ರಂದು ಫಲಕ ಆ ವೃದ್ಧೆಯ ಬಾಗಿಲಲ್ಲಿತ್ತು. ಮೆಟ್ಟಿಲು ಗುಡಿಸಿದ ಮೇಲೆ ಆಕೆ ಕಾಲುದಾರಿಯಲ್ಲಿ ಮೊಣಕಾಲೂರಿ ಕುಳಿತು, ನೆಲದಲ್ಲಿ ಹುದುಗಿಸಿದ್ದ ಹಿತ್ತಾಳೆಯ ಪುಟ್ಟ ಬಿಲ್ಲೆಯೊಂದನ್ನು ಉಜ್ಜತೊಡಗಿದರು. ನಾನು ಎರಡು ತಿಂಗಳು ಅದನ್ನು ದಾಟಿ ಓಡಾಡಿದ್ದೆ, ನೋಡಿರಲಿಲ್ಲ. ಅದರ ಹೆಸರು ‘ಎಡವುಗಲ್ಲು’. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1992ರಲ್ಲಿ ಕೊಲೋನ್ ನಗರದಲ್ಲಿ ಆರಂಭಿಸಿದ ಕಾರ್ಯವಿದು. ಹಿಟ್ಲರನ ಆಳ್ವಿಕೆಯಲ್ಲಿ ಕೊಲ್ಲಲ್ಪಟ್ಟವರು ವಾಸವಿದ್ದ ಮನೆಯ ಮುಂದೆಯೇ ಅವರ ಹೆಸರಿನ ಕಲ್ಲನ್ನು ಹುಗಿಯುತ್ತಾರೆ. 2023ರಲ್ಲಿ ಇಂಥ ಕಲ್ಲುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ನಮ್ಮ ಬಾಗಿಲ ಮುಂದಿನದು ಯೆಹೂದಿ ಗೃಹಿಣಿಯೊಬ್ಬರದು. 1941ರ ಡಿಸೆಂಬರ್ 1ರಂದು ಆ ನಗರದಿಂದ ಸುಮಾರು ಒಂದು ಸಾವಿರ ಯೆಹೂದಿಗಳನ್ನು ರೈಲಿನಲ್ಲಿ ರೀಗಾ ಪಟ್ಟಣಕ್ಕೆ ಸಾಗಿಸಲಾಯಿತು. ಮರಳಿದವರು ಕೆಲವರು ಮಾತ್ರ. 1938ರ ನವೆಂಬರ್ 9ರ ರಾತ್ರಿ ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟದ್ದರಿಂದ ಆ ದಿನ ಕಲ್ಲುಗಳನ್ನು ಉಜ್ಜಿ ದೀಪವಿಡುತ್ತಾರೆ.

“ಆಕೆ ನಿಮ್ಮ ಬಂಧುವೇ?” ಎಂದು ಮಗಳ ಮೂಲಕ ಕೇಳಿದೆ.

“ಅಲ್ಲ. ಈ ಮನೆಯಲ್ಲಿ ಇದ್ದವರು. ನನ್ನ ತಂದೆ ಆಗ ಇದೇ ಬೀದಿಯಲ್ಲಿದ್ದರು. ಅಂದು ಏನು ಕಂಡಿರಿ ಎಂದು ಕೇಳಿದಾಗಲೆಲ್ಲ ಅವರು ಸುಮ್ಮನಾಗುತ್ತಿದ್ದರು. ಕೊನೆಯವರೆಗೂ ಹೇಳಲಿಲ್ಲ.” ಇಷ್ಟು ಹೇಳಿ ಮತ್ತೆ ಉಜ್ಜತೊಡಗಿದರು.

ಪಕ್ಕದಲ್ಲಿದ್ದ ಒಂಬತ್ತು ವರ್ಷದ ಮೊಮ್ಮಗ ನನ್ನ ಕೈ ಜಗ್ಗಿ, “ಅಜ್ಜಾ, ನಮ್ಮ ಊರಲ್ಲೂ ಇಂಥ ಕಲ್ಲು ಇವೆಯಾ?” ಎಂದ. “ಇಲ್ಲ” ಎಂದು ನಾನೂ ಸುಮ್ಮನಾದೆ.

ಸುಮ್ಮನಾದದ್ದೇ ಚುಚ್ಚತೊಡಗಿತು. ನಾನು ಬಾಲಕನಾಗಿದ್ದಾಗ ನಮ್ಮ ಊರ ಬಾವಿಯ ಕಟ್ಟೆಯಿಂದ ದೂರದಲ್ಲಿ ಕೆಲವು ಮನೆಗಳ ಹೆಣ್ಣುಮಕ್ಕಳು ಬರಿಗೊಡ ಹಿಡಿದು, ಯಾರಾದರೂ ಮೇಲಿನಿಂದ ನೀರು ಸುರಿದಾರೆಂದು ಬಿಸಿಲಲ್ಲಿ ಕಾಯುತ್ತಿದ್ದರು. ಸಮತೆಯ ಮಾತನ್ನು ನಿತ್ಯ ಕೇಳುತ್ತ ಬೆಳೆದ ನಾನು ತುಂಬಿದ ಕೊಡ ಹೊತ್ತು ಅವರ ಮುಂದೆಯೇ ಹಾದುಹೋಗುತ್ತಿದ್ದೆ. ಒಂದು ದಿನವೂ ಅವರ ಕೊಡಕ್ಕೆ ನೀರು ಹೊಯ್ಯಲಿಲ್ಲ. ಜರ್ಮನಿಯ ಹತ್ಯೆಯೂ ನಮ್ಮ ಬಾವಿಕಟ್ಟೆಯೂ ಒಂದೇ ಎನ್ನಲಾರೆ. ಕಂಡೂ ಸುಮ್ಮನಿರುವ ಬಾಯಿ ಮಾತ್ರ ಎರಡೂ ಕಡೆ ಒಂದೇ.

ಅಂದು ರಾತ್ರಿ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ಆ ಬಾವಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. “ನೀವು ಯಾಕೆ ನೀರು ಹಾಕಲಿಲ್ಲ, ಅಜ್ಜಾ?” ಎಂದು ಕೇಳಿದ. “ಹಾಕಬೇಕಿತ್ತು, ಹಾಕಲಿಲ್ಲ” ಎಂದೆ. ಅದಕ್ಕಿಂತ ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಪರದೇಶಕ್ಕೆ ಹೋದವರು ಅಲ್ಲಿನ ಸ್ವಚ್ಛತೆಯನ್ನು ಹೊಗಳುವುದು ವಾಡಿಕೆ. ನಾನೂ ಹೊಗಳುತ್ತೇನೆ; ಆದರೆ ನನಗೆ ದೊಡ್ಡದಾಗಿ ಕಂಡದ್ದು ಮೆಟ್ಟಿಲುಗಳ ಹೊಳಪಲ್ಲ, ಆ ಹಿತ್ತಾಳೆಯ ಬಿಲ್ಲೆಯ ಹೊಳಪು. ವಾಚಕ ಬಂಧುಗಳೇ, ನಮ್ಮ ಮನೆಗಳಲ್ಲಿಯೂ ಹಿರಿಯರು ಹೇಳದೆ ಉಳಿಸಿದ ಮಾತುಗಳಿವೆ. ಮೊಮ್ಮಕ್ಕಳು ಕೇಳಿದಾಗ ಹೇಳಿಬಿಡೋಣ. ಈಗ ಗುಡಿಸುವ ಸರದಿ ನಮ್ಮದು.